ಮೈದಾನದಲ್ಲಿ ಬಾಯಿ ಮುಚ್ಚು, ಹ್ಯಾಂಗರಿನಲ್ಲಿ ಬಾಯಿ ಬಿಡು

(ಬೆಳಗಾವಿಯಲ್ಲಿ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಎನ್‌ಸಿಸಿ ಏರ್ ವಿಂಗ್ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ನಿಂತಿದ್ದ ನಾಲ್ಕೈದು ಹುಡುಗರನ್ನು ಕೇಳಿದೆ, ಏರ್ ವಿಂಗ್ ಯಾಕೆ ಬೇಕಪ್ಪಾ ಅಂತ. ಎಲ್ಲರದೂ ಒಂದೇ ಉತ್ತರ: "ವಿಮಾನ ಹಾರಸಬೇಕ್ರೀ ಸರ್." ಒಳ್ಳೆಯದು. ನಾನೂ ಅದಕ್ಕೇ ಸೇರಿದ್ದು. ಆದ್ದರಿಂದ ಮೊದಲೇ ಒಂದು ಲೆಕ್ಕ ಕೊಟ್ಟುಬಿಡುತ್ತೇನೆ. ಮೂರು ವರ್ಷ ನಾನು ಕೆಡೆಟ್ ಆಗಿದ್ದೆ. ಆ ಮೂರು ವರ್ಷದಲ್ಲಿ ನನ್ನ ಕಾಲು ನೆಲ ಬಿಟ್ಟದ್ದು ಎರಡೇ ಸಲ. ಎರಡೂ ಸೇರಿಸಿದರೆ ಸುಮಾರು ನಲವತ್ತು ನಿಮಿಷ. ಉಳಿದದ್ದೆಲ್ಲ ನೆಲದ ಮೇಲಿನ ಕೆಲಸ. ಬೂಟಿಗೆ ಪಾಲಿಶ್ ಹಾಕಲು ಕಳೆದ ಹೊತ್ತೇ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಇದನ್ನು ಕೇಳಿ ಯಾರಾದರೂ ಎದ್ದು ಹೋಗುವುದಿದ್ದರೆ ಈಗಲೇ ಹೋಗಬಹುದು. ಯಾರೂ ಏಳಲಿಲ್ಲ. ಸರಿ, ಮುಂದೆ ಹೋಗೋಣ.

ಎನ್‌ಸಿಸಿಯ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ, ಪರೀಕ್ಷೆಗೆ ಹೇಗಿದ್ದರೂ ಓದುತ್ತೀರಿ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಹೃದಯನಾಥ ಕುಂಜ್ರು ಅವರ ಸಮಿತಿ ಕೂತಿತು. ಶಾಲೆ ಕಾಲೇಜಿನ ಮಕ್ಕಳಿಗೆ ದೇಶದ ತುಂಬ ಒಂದೇ ರೀತಿಯ ಸಂಘಟನೆ ಬೇಕು ಅಂತ ಅದು ಹೇಳಿತು. 1948ರಲ್ಲಿ ಕಾಯ್ದೆ ಬಂತು. ಏರ್ ವಿಂಗ್ ಶುರುವಾದದ್ದು 1950ರಲ್ಲಿ, ಮುಂಬೈ ಮತ್ತು ಕೋಲ್ಕತ್ತಾದಲ್ಲಿ ಒಂದೊಂದು ಸ್ಕ್ವಾಡ್ರನ್‌ನಿಂದ. ಎನ್‌ಸಿಸಿ ಧ್ವಜದಲ್ಲಿ ಕೆಂಪು ಭೂಸೇನೆಯದು, ಕಡು ನೀಲಿ ನೌಕಾಪಡೆಯದು, ತಿಳಿ ನೀಲಿ ನಮ್ಮದು. ಒಂದು ಮಾತು ಮಾತ್ರ ಪೋಷಕರು ಸರಿಯಾಗಿ ಕೇಳಿಸಿಕೊಳ್ಳಬೇಕು. ಎನ್‌ಸಿಸಿ ಸೇರಿದರೆ ಸೈನ್ಯಕ್ಕೆ ಹೋಗಲೇಬೇಕು ಅಂತ ಯಾವ ಕಟ್ಟುಪಾಡೂ ಇಲ್ಲ. ನನ್ನ ಅವ್ವ ಇದೇ ಹೆದರಿಕೆಯಿಂದ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಕಡೆಗೆ ನಾನು ಆದದ್ದು ಭೌತಶಾಸ್ತ್ರದ ಮೇಷ್ಟ್ರು.

ಬೆಳಗಾವಿಯವರಿಗೆ ಸಮವಸ್ತ್ರ ಹೊಸದಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಲ್ಲೇ ಇದೆ. ಮಿಲಿಟರಿ ಶಾಲೆ ಇದೆ. ಕ್ಯಾಂಪ್ ಕಡೆ ಬೆಳಿಗ್ಗೆ ವಾಕಿಂಗ್ ಹೋದರೆ ತುಕಡಿ ಓಡುವ ಸದ್ದು ಕೇಳುತ್ತದೆ. ಸಾಂಬ್ರಾ ಇದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿದ ವಿಮಾನ ನಿಲ್ದಾಣ ಅದು. ಈಗ ಅದರ ಪಕ್ಕದಲ್ಲೇ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ಇದೆ. ಅಗ್ನಿವೀರ್ ವಾಯು ಅಂತ ಆಯ್ಕೆಯಾದ ಹುಡುಗರು ಮೊದಲು ಬಂದು ತಲೆಕೂದಲು ಕತ್ತರಿಸಿಕೊಳ್ಳುವುದು ಅಲ್ಲಿ. ಇಷ್ಟೆಲ್ಲ ಇದ್ದೂ ನಮ್ಮ ಹುಡುಗರು ಸಾಂಬ್ರಾ ಅಂದರೆ ಬೆಂಗಳೂರಿನ ವಿಮಾನ ಹತ್ತುವ ಜಾಗ ಅಂತಷ್ಟೇ ತಿಳಿದಿದ್ದಾರೆ.

ಸಾಂಬ್ರಾದ ರನ್‌ವೇ ಚಿತ್ರ ಬರೆಯುತ್ತೇನೆ, ನೋಡಿ. ಉದ್ದ 2,300 ಮೀಟರ್. ಹೆಚ್ಚು ಕಡಿಮೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಪ್ರತಿ ರನ್‌ವೇಗೂ ಎರಡು ತುದಿಯಲ್ಲಿ ಎರಡು ಸಂಖ್ಯೆ ಬರೆದಿರುತ್ತಾರೆ. ಸಾಂಬ್ರಾದವು 08 ಮತ್ತು 26. ಇದು ಸುಮ್ನೆ ಇಟ್ಟ ನಂಬರ್ ಅಲ್ಲ. ದಿಕ್ಸೂಚಿಯಲ್ಲಿ ಉತ್ತರದಿಂದ ಎಣಿಸುತ್ತಾ ಬಂದರೆ ಪೂರ್ವ 90 ಡಿಗ್ರಿ, ಪಶ್ಚಿಮ 270. ರನ್‌ವೇಯ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆ ತೆಗೆದರೆ ಆ ಸಂಖ್ಯೆ ಸಿಗುತ್ತದೆ. 80 ಡಿಗ್ರಿ ಅಂದರೆ 08. ಅದರ ತಿರುಗು ಮುರುಗು 260, ಅಂದರೆ 26. ಒಂದು ತುದಿಯಲ್ಲಿ ನಿಂತ ಪೈಲಟ್‌ಗೆ ಕಾಣುವ ಸಂಖ್ಯೆ, ಅಲ್ಲಿಂದ ಹೊರಟರೆ ಅವನ ಮುಖ ಯಾವ ದಿಕ್ಕಿಗೆ ಇರುತ್ತದೆ ಅನ್ನುವುದನ್ನು ಹೇಳುತ್ತದೆ. ಬೋರ್ಡಿನ ಎಡಗಡೆ ಪಶ್ಚಿಮ, ಅಂದರೆ ನಮ್ಮ ಬೆಳಗಾವಿ ಊರ ಕಡೆ. ಬಲಗಡೆ ಪೂರ್ವ. ಪೂರ್ವದ ತುದಿಗೆ 08 ಬರೆದೆ, ಪಶ್ಚಿಮದ ತುದಿಗೆ 26 ಬರೆದೆ. ಚಿತ್ರ ಹಾಗೇ ಇರಲಿ, ಆಮೇಲೆ ಬೇಕಾಗುತ್ತದೆ.

ಈಗ ಮೈದಾನಕ್ಕೆ ಬರೋಣ.

ನಾನು ಹಳ್ಳಿಯಿಂದ ಬಂದವನು. ಹಿಂದಿ ಅಂದರೆ ನನಗೆ ದೂರದರ್ಶನದ ಸುದ್ದಿ, ಅಷ್ಟೇ. ಮೊದಲ ದಿನ ಪರೇಡಿನಲ್ಲಿ ನಿಲ್ಲಿಸಿದರು. ಆದೇಶವೆಲ್ಲ ಹಿಂದಿ. ಸಾವಧಾನ್, ವಿಶ್ರಾಮ್ ಹೇಗೋ ತಿಳಿಯಿತು, ಅವು ನಮ್ಮ ಮಾತೂ ಹೌದು. ದಾಹಿನೇ ಮುಡ್ ಅಂದರು, ಪಕ್ಕದವನನ್ನು ನೋಡಿ ತಿರುಗಿದೆ. ಆಮೇಲೆ ಉಸ್ತಾದರು ಗಂಟಲು ಹರಿಯುವಂತೆ ಕೂಗಿದರು, "ಬಾಯೇ ಮುಡ್!" ನನಗೆ ಕೇಳಿದ್ದು "ಬಾಯಿ ಮುಚ್". ನಾನು ಮಾತಾಡಿರಲೇ ಇಲ್ಲ, ಆದರೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡು ನಿಂತಲ್ಲೇ ನಿಂತೆ. ಇಡೀ ಸಾಲು ಎಡಕ್ಕೆ ತಿರುಗಿತ್ತು. ನಾನೊಬ್ಬನೇ ನೇರ ನೋಡುತ್ತಾ ನಿಂತಿದ್ದೆ, ಹೊಲದಲ್ಲಿ ಬೆದರುಗೊಂಬೆ ನಿಂತ ಹಾಗೆ. ನನ್ನ ಹಿಂದೆ ನಿಂತಿದ್ದವನು ಶಹಾಪುರದ ಮರಾಠಿ ಹುಡುಗ. ಅವನು ಕನ್ನಡದಲ್ಲಿ ಪಿಸುಗುಟ್ಟಿದ: "ಬಾಯೇ ಅಂದ್ರ ಎಡಕ್ಕಲೇ ಮಾರಾಯಾ." ಆ ಗೆಳೆತನ ಇವತ್ತಿಗೂ ಇದೆ.

ಆದರೆ ತಮಾಷೆ ಏನೆಂದರೆ, ನನಗೆ ತಪ್ಪಾಗಿ ಕೇಳಿದ್ದೇ ಆ ಮೈದಾನದ ನಿಜವಾದ ಪಾಠ. ಡ್ರಿಲ್ ಅಂದರೆ ಬಾಯಿ ಮುಚ್ಚುವುದು. ಆದೇಶ ಬಂತು, ಮೈ ತಿರುಗಬೇಕು. ನಡುವೆ ಯೋಚನೆಗೆ ಜಾಗ ಇಲ್ಲ. ಮೂಗಿನ ಮೇಲೆ ನೊಣ ಕೂತರೂ ಕೈ ಏಳಬಾರದು. ಯಾಕೆ ಇಷ್ಟು ಅಂತ ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಮೂವತ್ತು ಜನರ ಬೂಟು ಒಂದೇ ಸಲ ನೆಲಕ್ಕೆ ಬಿತ್ತು. ಒಂದೇ ಸದ್ದು. ಅದರಲ್ಲಿ ನನ್ನ ಬೂಟಿನ ಸದ್ದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಆ ಖುಷಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಭಜನೆಯಲ್ಲಿ ತಾಳ ಕೂಡಿಬಂದಾಗ ಆಗುತ್ತದಲ್ಲ, ಹಾಗೆ.

ಒಂದು ಉಪಯೋಗದ ಮಾತು. ಪರೇಡಿನಲ್ಲಿ ತುಂಬ ಹೊತ್ತು ನಿಂತಾಗ ಹುಡುಗರು ದಡಕ್ಕನೆ ಬೀಳುತ್ತಾರೆ. ಮೊಣಕಾಲನ್ನು ಕಬ್ಬಿಣದ ಸಲಾಕೆ ಮಾಡಿಕೊಂಡು ಅಲುಗಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆಗೆ ಏರುವುದು ಕಡಿಮೆ ಆಗುತ್ತದೆ. ಬೂಟಿನ ಒಳಗೆ ಬೆರಳು ಆಡಿಸುತ್ತಾ ಇರಿ, ಮೊಣಕಾಲು ಒಂಚೂರು ಸಡಿಲ ಇರಲಿ. ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಆದರೂ ತಿಂದು ಬನ್ನಿ.

ಇನ್ನು ನನಗೆ ಬಹಳ ಇಷ್ಟವಾದ ವಿಷಯ, ಏರೋಮಾಡೆಲಿಂಗ್, ಅಂದರೆ ಪುಟ್ಟ ಮಾದರಿ ವಿಮಾನ ಮಾಡಿ ಹಾರಿಸುವುದು. ಭೂಸೇನೆ ವಿಂಗಿನ ಗೆಳೆಯರು ಇದನ್ನು ಆಟಿಗೆ ಮಾಡುವ ತರಗತಿ ಅಂತ ನಗುತ್ತಾರೆ. ನಗಲಿ.

ಬಾಲ್ಸಾ ಅಂತ ಒಂದು ಕಟ್ಟಿಗೆ. ದಕ್ಷಿಣ ಅಮೆರಿಕದ ಕಡೆಯ ಮರ. ಮೊದಲ ಸಲ ಕೈಗೆ ಕೊಟ್ಟಾಗ ನನಗೆ ನೆನಪಾದದ್ದು ಜೋಳದ ದಂಟಿನ ಬೆಂಡು. ನಿಮ್ಮಲ್ಲಿ ಎಷ್ಟು ಜನ ಸಣ್ಣವರಿದ್ದಾಗ ದಂಟು ಸೀಳಿ, ಬೆಂಡು ತೆಗೆದು, ಸಿಬಿರು ಚುಚ್ಚಿ ಬಂಡಿ ಮಾಡಿದ್ದೀರಿ? ನೋಡಿ, ಬೈಲಹೊಂಗಲ ಕಡೆಯವರು ಕೈ ಎತ್ತಿದರು. ನಿಮಗೆ ಅರ್ಧ ಏರೋಮಾಡೆಲಿಂಗ್ ಬಂದ ಹಾಗೆಯೇ. ಹಗುರ ಇರಬೇಕು, ಆದರೆ ಮುರಿಯಬಾರದು. ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಿದರೆ ಸೀಳುತ್ತದೆ ಅನ್ನುವುದು ಬೆರಳಿಗೆ ಗೊತ್ತಿರಬೇಕು. ಪೇಟೆಯ ಹುಡುಗರಿಗಿಂತ ಹಳ್ಳಿಯ ಹುಡುಗರು ಈ ತರಗತಿಯಲ್ಲಿ ಮುಂದೆ ಇರುವುದನ್ನು ನಾನು ಮೇಷ್ಟ್ರಾದ ಮೇಲೂ ಎಷ್ಟೋ ಸಲ ನೋಡಿದ್ದೇನೆ.

ಮೊದಲು ಕೈಯಿಂದ ಎಸೆಯುವ ಗ್ಲೈಡರ್. ಒಂದು ಕಡ್ಡಿ, ಎರಡು ರೆಕ್ಕೆ, ಒಂದು ಬಾಲ. ಉಪ್ಪು ಕಾಗದ ಹಾಕಿ ತಿಕ್ಕಿ ತಿಕ್ಕಿ ರೆಕ್ಕೆಯ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಮಾಡಬೇಕು. ನಾನು ಮಾಡಿದ ಮೊದಲ ಗ್ಲೈಡರ್ ನೋಡಲು ಬಹಳ ಚೆಂದ ಇತ್ತು. ಬಣ್ಣ ಬಳಿದಿದ್ದೆ, ಬಾಲದ ಮೇಲೆ ತ್ರಿವರ್ಣ ಬರೆದಿದ್ದೆ. ಎಸೆದೆ. ಮೂಗು ಮೇಲೆತ್ತಿ ಎದ್ದಿತು, ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಬಾಲ ಕೆಳಗಾಗಿ ಬಿತ್ತು. ಮತ್ತೆ ಎಸೆದೆ, ಮತ್ತೆ ಅದೇ. ಇನ್‌ಸ್ಟ್ರಕ್ಟರ್ ಬಂದು ಎರಡು ರೆಕ್ಕೆಯ ಕೆಳಗೆ ಒಂದೊಂದು ಬೆರಳಿಟ್ಟು ಎತ್ತಿದರು. ಅದು ಹಿಂದಕ್ಕೆ ವಾಲಿತು. "ಇದರ ತೂಕ ಎಲ್ಲೈತಿ ನೋಡು," ಅಂದರು. ಬಣ್ಣ ಬಳಿದು ಬಳಿದು ಬಾಲ ಭಾರ ಮಾಡಿದ್ದೆ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ತೂಕದ ನಡು ಬರಬೇಕು. ಮೂಗಿಗೆ ಒಂದು ಉಂಡೆ ಮಣ್ಣು ಮೆತ್ತಿದೆ. ಮತ್ತೆ ಎಸೆದರೆ ನೇರ ಹೋಗಿ ಮೆತ್ತಗೆ ಇಳಿಯಿತು. ಅಷ್ಟು ಬಣ್ಣಕ್ಕೆ ಒಂದು ಉಂಡೆ ಮಣ್ಣು ಮದ್ದಾಯಿತು.

ರೆಕ್ಕೆ ಅಂದಾಗ ಒಂದು ತಪ್ಪೊಪ್ಪಿಗೆ. ವಿಮಾನ ಹೇಗೆ ಹಾರುತ್ತದೆ ಅಂತ ನನಗೆ ಮೊದಲು ಕಲಿಸಿದ್ದು ಹೀಗೆ: ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಆದ್ದರಿಂದ ಮೇಲಿನ ಗಾಳಿಗೆ ದಾರಿ ಜಾಸ್ತಿ. ಕೆಳಗಿನ ಗಾಳಿಯ ಜೊತೆ ಒಂದೇ ಹೊತ್ತಿಗೆ ಹಿಂದಿನ ತುದಿ ಮುಟ್ಟಬೇಕಲ್ಲ, ಅದಕ್ಕೆ ಜೋರಾಗಿ ಓಡುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಕೇಳಲು ಸೊಗಸಾಗಿದೆ. ನಾನೂ ಕೆಲವು ವರ್ಷ ಇದನ್ನೇ ಪಾಠ ಮಾಡಿದೆ. ಆದರೆ ಎರಡು ಗಾಳಿಗಳೂ ಒಂದೇ ಹೊತ್ತಿಗೆ ತುದಿ ಮುಟ್ಟಬೇಕು ಅಂತ ಯಾರು ಹೇಳಿದರು? ಅವೇನು ಒಂದೇ ಬಸ್ ಹಿಡಿಯಬೇಕೇ? ನಿಜವಾಗಿ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ತುದಿ ಮುಟ್ಟುತ್ತದೆ. ಮೇಲೆ ಒತ್ತಡ ಕಡಿಮೆ ಇರುವುದು ನಿಜ, ಗಾಳಿ ಜೋರಾಗಿ ಹೋಗುವುದೂ ನಿಜ. ಆದರೆ ಕೊಟ್ಟ ಕಾರಣ ಸುಳ್ಳು. ರೆಕ್ಕೆ ಸ್ವಲ್ಪ ಮೂಗೆತ್ತಿ ನಿಂತು ತನ್ನ ಸುತ್ತಲಿನ ಗಾಳಿಯನ್ನು ಕೆಳಕ್ಕೆ ಬಾಗಿಸುತ್ತದೆ. ಗಾಳಿ ಕೆಳಕ್ಕೆ, ರೆಕ್ಕೆ ಮೇಲಕ್ಕೆ. ಉಬ್ಬೇ ಎಲ್ಲ ಆಗಿದ್ದರೆ ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ತಂಡ, ಬೀದರಿನ ಸೂರ್ಯಕಿರಣದವರು ವಿಮಾನವನ್ನು ತಲೆಕೆಳಗಾಗಿ ಹೇಗೆ ಹಾರಿಸುತ್ತಾರೆ? ಈ ಪ್ರಶ್ನೆಯನ್ನು ನನಗೆ ಕೇಳಿದ್ದು ಒಬ್ಬ ಎರಡನೇ ವರ್ಷದ ಕೆಡೆಟ್, ತರಗತಿ ಮುಗಿದ ಮೇಲೆ, ಯಾರೂ ಇಲ್ಲದಾಗ. ತರಗತಿಯಲ್ಲಿ ಯಾಕೆ ಕೇಳಲಿಲ್ಲ ಅಂದೆ. "ನಿಮಗ ಬೇಜಾರಾಗ್ತದೇನೋ ಅಂತ ಸರ್," ಅಂದ.

ಈ ಮಾತನ್ನು ಹಿಡಿದುಕೊಳ್ಳಿ. ಇದೇ ಮಾತು ಇನ್ನೊಂದು ಕಡೆ ಬರುತ್ತದೆ.

ಫೈರಿಂಗ್ ಬಗ್ಗೆ ಎರಡೇ ಮಾತು. ಪಾಯಿಂಟ್ 22 ರೈಫಲ್, ಮಲಗಿಕೊಂಡು ಗುರಿ. ನಡುವಿನ ಕಪ್ಪು ಚುಕ್ಕೆಗೆ ಒಂದು ಗುಂಡು ಹೊಡೆದೆ ಅಂತ ಕುಣಿಯಬೇಡಿ. ಐದು ಗುಂಡೂ ಒಂದೇ ಕಡೆ ಒತ್ತಾಗಿ ಬೀಳಬೇಕು, ಮೂಲೆಯಲ್ಲಾದರೂ ಸರಿ. ಒಂದೇ ಕಡೆ ಬಿದ್ದರೆ ನಿಮ್ಮ ಕೈ ಸರಿಯಿದೆ ಅಂತ, ಗುರಿ ಕಣ್ಣನ್ನು ತಿದ್ದಿಕೊಂಡರೆ ಆಯಿತು. ಚದುರಿ ಬಿದ್ದರೆ ರೈಫಲನ್ನು ಬೈದು ಉಪಯೋಗ ಇಲ್ಲ. ಇನ್ನೊಂದು, ರೇಂಜಿನಲ್ಲಿ ಅಪಾಯ ಕಂಡರೆ ಯಾರು ಬೇಕಾದರೂ ನಿಲ್ಲಿಸಿ ಅಂತ ಕೂಗಬಹುದು. ನಿನ್ನೆ ಸೇರಿದ ಕೆಡೆಟ್ ಕೂಗಿದರೂ ಎಲ್ಲರೂ ನಿಲ್ಲಿಸಬೇಕು. ನಮಗೆ ಹಾಗೆಂದು ಹೇಳಿಕೊಟ್ಟಿದ್ದರು. ಆವತ್ತು ಅದು ನನ್ನ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಜಕ್ಕೂರಿನಲ್ಲಿ.

ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣಕ್ಕೆ ನಮ್ಮ ಕಡೆಯಿಂದ ಕೆಲವು ಕೆಡೆಟ್‌ಗಳನ್ನು ಹಾರಾಟಕ್ಕೆ ಕರೆದೊಯ್ದಿದ್ದರು. ರಾತ್ರಿ ರೈಲು, ನಿದ್ದೆ ಇಲ್ಲ. ಬೆಳಿಗ್ಗೆ ಬೇಗ ಅಲ್ಲಿಯ ಹ್ಯಾಂಗರಿಗೆ, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿಗೆ, ಹೋದೆವು. ವಿಮಾನ ತೋರಿಸುತ್ತಾರೆ ಅಂದುಕೊಂಡರೆ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸಿ ನೆಲ ನೋಡುತ್ತಾ ನಡೆಯಿರಿ ಅಂದರು. ಕಲ್ಲು, ತಂತಿಯ ತುಂಡು, ಬಾಟಲಿ ಮುಚ್ಚಳ, ಮೊಳೆ, ಏನು ಸಿಕ್ಕರೂ ಹೆಕ್ಕಬೇಕು. ಪ್ರೊಪೆಲ್ಲರ್ ತಿರುಗುವಾಗ ಒಂದು ಚೂರು ಕಲ್ಲು ಎದ್ದು ಬಡಿದರೆ ಸಾಕು, ಪ್ರೊಪೆಲ್ಲರ್ ಹಾಳು. ಜೆಟ್ ಆದರೆ ಎಂಜಿನ್ನೇ ನುಂಗಿಬಿಡುತ್ತದೆ. ಹೊಲದಲ್ಲಿ ಕಳೆ ಕಿತ್ತ ಹಾಗೆ ಬಗ್ಗಿ ಬಗ್ಗಿ ಹೆಕ್ಕಿದೆವು. ನನಗೆ ಸಿಕ್ಕಿದ್ದು ಒಂದು ವಾಷರ್, ಎಂಟಾಣೆಗಿಂತ ಸಣ್ಣದು. ಇಷ್ಟು ಚಿಕ್ಕದನ್ನು ಕೊಡಬೇಕಾ ಅಂತ ಜೇಬಿಗೆ ಹಾಕಲು ಹೋದೆ. ಪಕ್ಕದಲ್ಲಿದ್ದ ಹವಾಲ್ದಾರರು ಕೈ ಹಿಡಿದರು. ಅದು ಎಲ್ಲಿಂದ ಬಿತ್ತು ಅಂತ ಗೊತ್ತಾಗುವವರೆಗೆ ಆ ವಾಷರ್ ಸಣ್ಣದಲ್ಲ ಅಂದರು.

ಆಗ ಅಲ್ಲಿ ಇದ್ದದ್ದು ಝೆನ್ ಏರ್ ಅನ್ನುವ ಮೈಕ್ರೋಲೈಟ್, ಅಂದರೆ ಪುಟ್ಟ ಹಗುರ ವಿಮಾನ. ಎರಡೇ ಸೀಟು, ಅಕ್ಕಪಕ್ಕ. ರೆಕ್ಕೆ ತಲೆಯ ಮೇಲೆ. ಈಗಿನವರಿಗೆ ವೈರಸ್ ಎಸ್‌ಡಬ್ಲ್ಯೂ 80 ಬಂದಿದೆ. ಸ್ಲೊವೇನಿಯಾದ ಕಂಪನಿಯದು. 2015ರಲ್ಲಿ ಸರ್ಕಾರ ವಾಯುಪಡೆ, ನೌಕಾಪಡೆ ಮತ್ತು ಎನ್‌ಸಿಸಿಗಾಗಿ ಅಂಥ 194 ವಿಮಾನಕ್ಕೆ ಒಪ್ಪಂದ ಮಾಡಿಕೊಂಡಿತು. ಹೆಸರು ಕೇಳಿ ಹೆದರಬೇಡಿ, ಕೊರೊನಾಕ್ಕಿಂತ ಮೊದಲೇ ಇಟ್ಟ ಹೆಸರು ಅದು.

ಪೈಲಟ್ ಆಫೀಸರ್ ಒಬ್ಬರು ನಮ್ಮ ಆರು ಜನರನ್ನು ವಿಮಾನದ ಸುತ್ತ ಕರೆದೊಯ್ದರು. ಹಾರುವ ಮುಂಚೆ ಸುತ್ತು ಹಾಕಿ ನೋಡುವ ಕ್ರಮ. ಟೈರು ಮುಟ್ಟಿ ನೋಡಿದರು. ರೆಕ್ಕೆಯ ಅಂಚಿನ ಏಲರಾನ್, ಬಾಲದ ಎಲಿವೇಟರ್, ರಡ್ಡರ್, ಹೀಗೆ ವಿಮಾನವನ್ನು ವಾಲಿಸುವ, ಏರಿಸಿ ಇಳಿಸುವ, ತಿರುಗಿಸುವ ಭಾಗಗಳನ್ನೆಲ್ಲ ಆಡಿಸಿ ತೋರಿಸಿದರು. ಇಂಧನವನ್ನು ಸ್ವಲ್ಪ ಗಾಜಿನ ಲೋಟಕ್ಕೆ ಇಳಿಸಿ, ತಳದಲ್ಲಿ ನೀರು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿದರು. ಪ್ರತಿಯೊಂದನ್ನೂ ಕೈಯಲ್ಲಿದ್ದ ಪಟ್ಟಿ ನೋಡಿ ಮಾಡಿದರು. ಸಾವಿರ ಸಲ ಮಾಡಿದ ಕೆಲಸ, ಆದರೂ ಪಟ್ಟಿ. ಸುತ್ತು ಮುಗಿಯಿತು. "ಎಲ್ಲ ಸರಿಯಿದೆಯಾ?" ಅಂತ ಕೇಳಿದರು. ಆರೂ ಜನ ಎದೆ ಸೆಟೆಸಿ "ಯಸ್ ಸರ್!" ಅಂದೆವು.

ರೆಕ್ಕೆಯ ಕೆಳಗೆ ಒಂದು ಕೆಂಪು ರಿಬ್ಬನ್ ಗಾಳಿಗೆ ಪಟಪಟ ಅನ್ನುತ್ತಿತ್ತು.

ಅದು ಪಿಟೋ ಕೊಳವೆಯ ಮುಚ್ಚಳದ ರಿಬ್ಬನ್. ಎದುರಿನ ಗಾಳಿಯನ್ನು ಹಿಡಿದು ವಿಮಾನದ ವೇಗ ಹೇಳುವ ಸಣ್ಣ ಕೊಳವೆ ಪಿಟೋ. ಹುಳ ಹುಪ್ಪಟೆ ಹೋಗದಿರಲಿ ಅಂತ ನೆಲದ ಮೇಲಿದ್ದಾಗ ಮುಚ್ಚಿರುತ್ತಾರೆ. ಹಾರುವ ಮುಂಚೆ ತೆಗೆಯಬೇಕು. ತೆಗೆಯದೆ ಹಾರಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ಅರ್ಧ ಗಂಟೆ ಮುಂಚೆ ಅದೇ ಆಫೀಸರ್ ನಮಗೆ ಇದನ್ನು ಪಾಠ ಮಾಡಿದ್ದರು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ರಿಬ್ಬನ್ ಕಡೆ ಬೆರಳು ತೋರಿಸಿದರು. "ಇದು ಯಾರಿಗೆ ಕಂಡಿತ್ತು?" ಆರೂ ಕೈ ಎದ್ದವು. ಸುಳ್ಳಲ್ಲ, ಆರೂ ಜನರಿಗೆ ಕಂಡಿತ್ತು. "ಮತ್ತೆ ಯಾಕೆ ಹೇಳಲಿಲ್ಲ?" ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಅಂದೆ, "ನಿಮಗೆ ಗೊತ್ತಿರುತ್ತದೆ ಅಂದುಕೊಂಡೆ ಸರ್."

ಅವರು ಬೈಯಲಿಲ್ಲ. ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಪರೇಡ್ ಮೈದಾನ ಅಲ್ಲಿ, ಅಂದರು. ಅಲ್ಲಿ ನಾನು ಹೇಳಿದ್ದನ್ನು ಕೇಳಿ. ಇಲ್ಲಿ ನಿಮಗೆ ಕಂಡದ್ದನ್ನು ಹೇಳಿ. ಎರಡನ್ನೂ ಬೆರೆಸಿದರೆ ನಾನೂ ಸಾಯುತ್ತೇನೆ, ನೀವೂ ಸಾಯುತ್ತೀರಿ.

ಒಂದೇ ಸಮವಸ್ತ್ರ, ಒಂದೇ ಬೂಟು. ಬೆಳಿಗ್ಗೆ ಒಂದು ಪಾಠ, ಮಧ್ಯಾಹ್ನ ಅದಕ್ಕೆ ಪೂರ್ತಿ ಉಲ್ಟಾ ಪಾಠ. ಏರ್ ವಿಂಗಿನಲ್ಲಿ ನಿಜವಾಗಿ ಕಷ್ಟದ ಕಲಿಕೆ ಅಂದರೆ ಇದೇ ಅಂತ ನನ್ನ ಅಭಿಪ್ರಾಯ. ಬಾಯಿ ಮುಚ್ಚುವುದು ನಮಗೆ ಬೇಗ ಬರುತ್ತದೆ. ಮನೆಯಲ್ಲೇ ಕಲಿತು ಬಂದಿರುತ್ತೇವೆ. ದೊಡ್ಡವರ ಮುಂದೆ ಎದುರು ಮಾತಾಡಬೇಡ, ಮೇಷ್ಟ್ರಿಗೆ ತಿರುಗಿ ಹೇಳಬೇಡ. ಬಾಯಿ ಬಿಡುವುದನ್ನು ಯಾರು ಕಲಿಸುತ್ತಾರೆ?

ಇದು ಬರೀ ನಮ್ಮ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದವು. 583 ಜನ ಸತ್ತರು. ಮಂಜು ಕವಿದಿತ್ತು. ಓಡಲು ಶುರುಮಾಡಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು, ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇನೋ ಅಂತ. ಕೇಳಿದರು ಕೂಡ. ಕ್ಯಾಪ್ಟನ್ ಬಹಳ ಅನುಭವಿ, ದೊಡ್ಡ ಹೆಸರು. ಹೋಗಿದೆ ಅಂದರು. ಎಂಜಿನಿಯರ್ ಸುಮ್ಮನಾದರು. ಅಲ್ಲಿಂದ ಈಚೆಗೆ ಕಿರಿಯರು ಮಾತಾಡುವುದನ್ನೂ ಹಿರಿಯರು ಕೇಳುವುದನ್ನೂ ವಿಮಾನಯಾನದಲ್ಲಿ ತರಬೇತಿ ಕೊಟ್ಟೇ ಕಲಿಸುತ್ತಾರೆ.

ನಮ್ಮ ರಾಜ್ಯದಲ್ಲೇ ಆದದ್ದು ನಿಮ್ಮ ತಂದೆ ತಾಯಿಗೆ ನೆನಪಿರುತ್ತದೆ. 2010ರ ಮೇ 22, ಬೆಳಿಗ್ಗೆ. ದುಬೈನಿಂದ ಮಂಗಳೂರಿಗೆ ಬಂದ ವಿಮಾನ. ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಅಂದಿದ್ದರು ಅಂತ ತನಿಖೆಯಲ್ಲಿ ಹೊರಬಂತು. ಇಳಿಸಬೇಡಿ, ಮತ್ತೆ ಮೇಲೆ ಹೋಗೋಣ ಅಂತ ಅದರರ್ಥ. ಅಲ್ಲಿ ಬಾಯಿ ಬಿಟ್ಟವರು ಇದ್ದರು. ಕಿವಿ ಇರಲಿಲ್ಲ.

ಜಕ್ಕೂರಿಗೆ ವಾಪಸ್ ಹೋಗೋಣ. ನನ್ನ ಸರದಿ ಬಂತು. ಬೆಲ್ಟ್ ಕಟ್ಟಿದರು, ಕಿವಿಗೆ ಹೆಡ್‌ಸೆಟ್. ಎಂಜಿನ್ ಶುರುವಾದಾಗ ಸೀಟು, ಹಲ್ಲು ಎಲ್ಲ ನಡುಗುತ್ತವೆ. ಹಳೆಯ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತ ಹಾಗೆ. ನೆಲ ಬಿಟ್ಟ ಕೂಡಲೇ ಆ ನಡುಕ ಒಮ್ಮೆಲೇ ನಿಂತಿತು. ಕೆಳಗೆ ಕೆರೆ, ಮನೆ, ರಸ್ತೆ. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಆಗ ಆಫೀಸರ್ "ಯೂ ಹ್ಯಾವ್ ಕಂಟ್ರೋಲ್ಸ್" ಅಂದರು. ವಿಮಾನ ನಿನ್ನ ಕೈಯಲ್ಲಿ ಅಂತ. ನಾನು "ಐ ಹ್ಯಾವ್ ಕಂಟ್ರೋಲ್ಸ್" ಅಂತ ತಿರುಗಿ ಹೇಳಲೇಬೇಕು. ಹೇಳದೆ ಹಿಡಿಯುವ ಹಾಗಿಲ್ಲ, ಹೇಳದೆ ಬಿಡುವ ಹಾಗೂ ಇಲ್ಲ. ಇಲ್ಲದಿದ್ದರೆ ಅವರು ಹಿಡಿದಿದ್ದಾರೆ ಅಂತ ಇವರು, ಇವರು ಹಿಡಿದಿದ್ದಾರೆ ಅಂತ ಅವರು. ನಮ್ಮ ಊರಿನ ಎಷ್ಟೋ ಜಾತ್ರೆಯ ಊಟದಲ್ಲಿ ಉಪ್ಪು ತಪ್ಪುವುದು ಇದೇ ಕಾರಣಕ್ಕೆ, ಅಲ್ವಾ?

ವಿಮಾನ ನಡೆಸುವ ಕಡ್ಡಿಯನ್ನು ನಾನು ಎತ್ತಿನ ಹಗ್ಗ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದೆ. ಎರಡು ಬೆರಳು ಸಾಕು ಅಂದರು. ಎಡಕ್ಕೆ ಒಂದಿಷ್ಟು ಒತ್ತಿದೆ, ಇಡೀ ಭೂಮಿ ಬಲಕ್ಕೆ ವಾಲಿತು. ಅಷ್ಟೇ. ಇಪ್ಪತ್ತು ನಿಮಿಷ ಮುಗಿದದ್ದೇ ಗೊತ್ತಾಗಲಿಲ್ಲ. ಇಳಿದ ಮೇಲೆ ವಾಂತಿ ಬಂದಂತಾಯಿತು, ಆದರೆ ಯಾರಿಗೂ ಹೇಳಲಿಲ್ಲ. ಇಂಥದಕ್ಕೆ ಬಾಯಿ ಬಿಡಬೇಕಾಗಿಲ್ಲ.

ಶಿಬಿರದ ಬಗ್ಗೆ ಕೇಳಿದವರಿಗೆ: ಹತ್ತು ದಿನ ಇರುತ್ತದೆ, ಬೆಳಿಗ್ಗೆ ನಸುಕಿನಲ್ಲಿ ಸೀಟಿ ಊದುತ್ತಾರೆ, ಸ್ನಾನಕ್ಕೆ ಸಾಲು, ಊಟಕ್ಕೆ ಸಾಲು, ಸಾಲಿಗೇ ಒಂದು ಸಾಲು. ತಟ್ಟೆ ನೀವೇ ತೊಳೆಯಬೇಕು. ಕೊನೆಯ ದಿನ ಹೋಗಲು ಮನಸ್ಸು ಬರುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ಮಜಾ ಹೋಗುತ್ತದೆ.

ಹಿಂದೆ ಕೂತ ಪೋಷಕರು ಬಹಳ ಹೊತ್ತಿನಿಂದ ಇದನ್ನೇ ಕಾಯುತ್ತಿದ್ದೀರಿ, ಸರ್ಟಿಫಿಕೇಟಿನಿಂದ ಏನು ಸಿಗುತ್ತದೆ ಅಂತ. ಪ್ರೌಢಶಾಲೆಯಲ್ಲಿ ಎರಡು ವರ್ಷ ಮುಗಿಸಿದರೆ ಎ ಪರೀಕ್ಷೆ. ಕಾಲೇಜಿನಲ್ಲಿ ಎರಡು ವರ್ಷಕ್ಕೆ ಬಿ, ಮೂರು ವರ್ಷಕ್ಕೆ ಸಿ. ಏರ್ ವಿಂಗ್ ಸಿ ಸರ್ಟಿಫಿಕೇಟ್ ಇದ್ದವರಿಗೆ ವಾಯುಪಡೆಯ ಫ್ಲೈಯಿಂಗ್ ಶಾಖೆಯಲ್ಲಿ ವಿಶೇಷ ಪ್ರವೇಶ ಇದೆ, ಹತ್ತರಲ್ಲಿ ಒಂದು ಜಾಗದಷ್ಟು. ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಮೈಸೂರಿನಲ್ಲೂ ಅಂಥ ಮಂಡಳಿ ಇದೆ. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಆಮೇಲೆ ಪದವಿ. ಕಣ್ಣು, ಎತ್ತರ, ಕಾಲಿನ ಉದ್ದ ಎಲ್ಲ ಅಳೆಯುತ್ತಾರೆ. ಬಾಗಿಲು ತೆರೆದಿದೆ ಅಂತ ಮಾತ್ರ ತಿಳಿಯಿರಿ, ಒಳಗೆ ನಡೆಯುವುದು ಮಕ್ಕಳ ಕೆಲಸ. ಹೆಣ್ಣುಮಕ್ಕಳ ತಂದೆ ತಾಯಿಗೆ ಇನ್ನೊಂದು ಮಾತು. 2016ರ ಜೂನ್‌ನಲ್ಲಿ ಮೂವರು ಯುವತಿಯರು ವಾಯುಪಡೆಯ ದುಂಡಿಗಲ್ ಅಕಾಡೆಮಿಯಿಂದ ಯುದ್ಧ ವಿಮಾನದ ಪೈಲಟ್‌ಗಳಾಗಿ ಹೊರಬಂದರು. "ಹುಡುಗಿಗೆ ಯಾಕ್ರೀ ಇದು" ಅಂತ ನನ್ನನ್ನು ಇನ್ನೂ ಕೇಳುತ್ತಿದ್ದೀರಿ. ಬೇರೆ ಪ್ರಶ್ನೆ ಹುಡುಕಿ.

ಹುಡುಗಿ ಅಂದಾಗ ನನ್ನದೇ ಒಂದು ತಪ್ಪು ಹೇಳಬೇಕು. ಮೇಷ್ಟ್ರಾದ ಮೇಲಿನ ಮಾತು. ಒಂದು ಭಾನುವಾರ ಮಕ್ಕಳಿಗೆ ಕಂಟ್ರೋಲ್ ಲೈನ್ ವಿಮಾನ ತೋರಿಸಲು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಇದು ಪುಟ್ಟ ಎಂಜಿನ್ ಇರುವ ಮಾಡೆಲ್. ಅದಕ್ಕೆ ಎರಡು ತೆಳ್ಳನೆಯ ಉಕ್ಕಿನ ತಂತಿ ಕಟ್ಟಿರುತ್ತದೆ, ಹತ್ತು ಹದಿನೈದು ಮೀಟರ್ ಉದ್ದ. ನಡುವೆ ನಿಂತವನು ಹಿಡಿ ಹಿಡಿದು ತಿರುಗುತ್ತಾನೆ, ವಿಮಾನ ಅವನ ಸುತ್ತ ಹಾರುತ್ತದೆ. ನಮ್ಮ ಎಂದಿನ ಜಾಗದಲ್ಲಿ ಅವತ್ತು ಕ್ರಿಕೆಟ್ ಪಂದ್ಯ ನಡೆದಿತ್ತು. ಸರಿ, ಮೂಲೆಗೆ ಹೋಗೋಣ ಅಂದೆ. ಎಂಜಿನ್ ಹತ್ತಿಸಲು ಅರ್ಧ ಗಂಟೆ ಒದ್ದಾಡಿದೆ. ಬೆವರು, ಎಣ್ಣೆ, ಸಿಟ್ಟು. ಕೊನೆಗೆ ಹತ್ತಿತು. ಹಿಡಿ ಹಿಡಿದು ನಿಂತೆ. ಬಿಡು ಅಂತ ಕೈ ತೋರಿಸಬೇಕು, ಅಷ್ಟರಲ್ಲಿ ಹಗ್ಗದ ಆಚೆಯಿಂದ ಒಂದು ಸಣ್ಣ ದನಿ.

"ಸರ್, ನಿಲ್ಸ್ರೀ."

ಮೊದಲ ವರ್ಷದ ಹುಡುಗಿ. ಸೇರಿ ಒಂದು ತಿಂಗಳಾಗಿರಲಿಲ್ಲ. ನನಗೆ ರೇಗಿಹೋಯಿತು. ಅರ್ಧ ಗಂಟೆಯ ಕೆಲಸ ಹಾಳು ಮಾಡುತ್ತಾಳಲ್ಲ ಅಂತ. "ಏನದು?" ಅಂತ ಗದರಿದೆ. ಅವಳ ಕೈ ನಡುಗುತ್ತಿತ್ತು. ಆದರೂ ಬೆರಳು ಮೇಲೆ ತೋರಿಸಿದಳು. ನೋಡಿದರೆ ಮೈದಾನದ ಆ ಮೂಲೆಯ ಮೇಲೆ ಕರೆಂಟಿನ ತಂತಿ ಹಾದುಹೋಗಿತ್ತು. ಮಾಡೆಲ್ ಒಂದು ಸಲ ಮೇಲಕ್ಕೆ ಹಾರಿದರೆ ಸಾಕಿತ್ತು. ನನ್ನ ಕೈಯಲ್ಲಿದ್ದದ್ದು ಉಕ್ಕಿನ ತಂತಿ. ಮೂಲೆಗೆ ಹೋಗೋಣ ಅಂದವನು ನಾನೇ. ಹಿರಿಯ ಕೆಡೆಟ್‌ಗಳು ಎಂಟು ಹತ್ತು ಜನ ಅಲ್ಲೇ ನಿಂತಿದ್ದರು. ಆಮೇಲೆ ಕೇಳಿದೆ, ಯಾರಿಗೆ ಕಂಡಿತ್ತು ಅಂತ. ಇಬ್ಬರಿಗೆ ಕಂಡಿತ್ತಂತೆ. ಸರ್‌ಗೆ ಗೊತ್ತಿರುತ್ತದೆ ಅಂದುಕೊಂಡರಂತೆ.

ಜಕ್ಕೂರಿನ ಆಫೀಸರ್ ಬೇಕಂತಲೇ ರಿಬ್ಬನ್ ಬಿಟ್ಟಿದ್ದರು. ನಾನು ಬೇಕಂತ ತಂತಿಯ ಕೆಳಗೆ ನಿಂತಿರಲಿಲ್ಲ.

ಎಂಜಿನ್ ಆರಿಸಿ, ಅವಳಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಿದೆ. ಗದರಿದ್ದಕ್ಕೆ ತಪ್ಪಾಯಿತು ಅಂದೆ. ಅದು ಸುಲಭ ಇರಲಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಕ್ರಿಕೆಟ್ ಮುಗಿಯುವವರೆಗೆ ಕಾದು, ಎಂದಿನ ಜಾಗದಲ್ಲೇ ಹಾರಿಸಿದೆವು. ಮೂರು ಸುತ್ತು ಹಾರಿ ಮೂಗು ಕುಟ್ಟಿಕೊಂಡು ಮುರಿದುಹೋಯಿತು.

ನನ್ನ ಹೊತ್ತು ಮುಗಿಯಿತು. ಹೋಗುವ ಮುಂಚೆ ಎಲ್ಲರೂ ಒಮ್ಮೆ ಬೋರ್ಡ್ ನೋಡಿ. ಸಾಂಬ್ರಾ ರನ್‌ವೇ ಮುಕ್ಕಾಲು ಗಂಟೆಯಿಂದ ಅಲ್ಲೇ ಇದೆ. ಪೂರ್ವದ ತುದಿಯಲ್ಲಿ ಏನು ಬರೆದಿದ್ದೇನೆ? 08. ಪೂರ್ವದ ತುದಿಯಲ್ಲಿ ನಿಂತು ಹೊರಟ ಪೈಲಟ್‌ನ ಮುಖ ಯಾವ ಕಡೆ ಇರುತ್ತದೆ? ಬೆಳಗಾವಿ ಕಡೆ, ಪಶ್ಚಿಮಕ್ಕೆ. ಪಶ್ಚಿಮ 80 ಡಿಗ್ರಿಯೋ, 260ರ ಹತ್ತಿರವೋ?

ಈಗ ನಗುತ್ತಿದ್ದೀರಿ. ಮೊದಲೇ ಅನುಮಾನ ಬಂದವರು ಕೈ ಎತ್ತಿ. ಒಂದು, ಎರಡು, ಐದು, ಅಲ್ಲಿ ಹಿಂದೆ ಇನ್ನಿಬ್ಬರು. ಏಳು ಜನ. ಎರಡನೇ ಸಾಲಿನಲ್ಲಿ ನೀಲಿ ಚೂಡಿದಾರದ ತಂಗಿ, ನೀನು ಆಗಲೇ ಪಕ್ಕದವಳ ಕಿವಿಯಲ್ಲಿ ಹೇಳಿ ಬೋರ್ಡಿನ ಕಡೆ ಬೆರಳು ತೋರಿಸಿದ್ದನ್ನು ನಾನು ನೋಡಿದೆ. ಅವಳಿಗೆ ಹೇಳಿದೆ, ನನಗೆ ಹೇಳಲಿಲ್ಲ. ಬಾ ತಂಗಿ, ಇಲ್ಲಿ ಬಾ. ಡಸ್ಟರ್ ಮೇಜಿನ ಮೇಲಿದೆ. ಎರಡೂ ಅಳಿಸಿ ಸರಿಯಾಗಿ ಬರೆ.